ನಡುವಿನ ಅಳತೆ

ನಮ್ಮ ಅಪ್ಪನ ಮುಂದೆ ಯಾರೇ ಬಂದು ಮೂರು ಸಲ ಯೋಯೋ ಎಸೆದರೆ ಸಾಕು, ಅವರಿಗೆ ಯಾವ ದಾರ ಸರಿ ಎಂದು ಹೇಳಿಬಿಡುತ್ತಾನೆ. ಮೊದಲ ಎಸೆತದಲ್ಲಿ ಮಣಿಕಟ್ಟು ನೋಡುತ್ತಾನೆ, ಎರಡನೆಯದರಲ್ಲಿ ಭುಜ, ಮೂರನೆಯದರಲ್ಲಿ ಮುಖ. ಆಮೇಲೆ ಹಿಂದಿನ ಗೋಡೆಯ ಕೊಕ್ಕೆಯಿಂದ ಒಂದು ದಾರ ತೆಗೆದು ಗಲ್ಲಾದ ಮೇಲೆ ಇಡುತ್ತಾನೆ. ಗಿರಾಕಿಗಳು ಬೇಕಾದರೆ ಬಣ್ಣ ಬದಲಾಯಿಸಿಕೊಳ್ಳಬಹುದು. ದಾರ ಬದಲಾಯಿಸಿ ಅಂದರೆ ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ.

ಮೊನ್ನೆ ಬಸ್ ಡ್ರೈವರ್ ಒಬ್ಬರು ಬಂದಿದ್ದರು. ತೆಳ್ಳಗಿನ ದಾರ ಕೊಡಿ, ಸ್ಪೀಡಾಗಿ ಆಡಬೇಕು ಎಂದರು. ಅಪ್ಪ ಅವರಿಂದ ಮೂರು ಸಲ ಎಸೆಯಿಸಿದ.

"ನೀವು ಎಸೆಯೋಕೆ ಮುಂಚೆನೇ ಬ್ರೇಕ್ ಹಾಕ್ತೀರಿ," ಅಂದ. "ತೆಳು ದಾರದಲ್ಲಿ ಯೋಯೋ ಕೆಳಗೆ ಹೋಗಿ ಅಲ್ಲೇ ತಿರುಗ್ತಾ ಇರುತ್ತೆ. ವಾಪಸ್ ಕರೆಸಿಕೊಳ್ಳೋಕೆ ಕೈ ಚುರುಕಾಗಿರಬೇಕು. ನಿಮಗೆ ಹತ್ತಿ ಬೆರೆಸಿದ ದಪ್ಪ ದಾರ ಸರಿ. ಅದೇ ಹಿಡ್ಕೊಂಡು ಮನೆಗೆ ಕರ್ಕೊಂಡು ಬರುತ್ತೆ."

"ನನ್ನ ಹೆಂಡ್ತಿ ಥರ," ಎಂದು ಡ್ರೈವರ್ ನಕ್ಕು, ದಪ್ಪ ದಾರವನ್ನೇ ಕೊಂಡು ಹೋದರು.

ಊರವರ ಕೈಯನ್ನೆಲ್ಲ ಹೀಗೆ ಓದುವ ಅಪ್ಪ ನನ್ನ ಕೈಯನ್ನು ಮಾತ್ರ ಓದಿದವನಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವ ಗಾದೆಯನ್ನು ಯಾರೋ ನಮ್ಮ ಗಲ್ಲಾದ ಪಕ್ಕದಲ್ಲಿ ನಿಂತೇ ಮಾಡಿರಬೇಕು. ನನಗೆ ಮೂವತ್ತು ದಾಟಿದೆ. ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದಲೂ ಅಪ್ಪ ಕೊಟ್ಟ ದಾರವನ್ನೇ ನಡುಬೆರಳಿಗೆ ಹಾಕಿಕೊಂಡಿದ್ದೇನೆ. ಕುಣಿಕೆ ಕೂರುವ ಜಾಗದಲ್ಲಿ ಬೆರಳು ಸುತ್ತಲೂ ಸವೆದು ಗುಳಿ ಬಿದ್ದಿದೆ. ದಾರ ತೆಗೆದಿಟ್ಟರೂ ಗುಳಿ ಹಾಗೇ ಇರುತ್ತದೆ.

ಅಣ್ಣ ಎಡಚ, ನಾನು ಬಲಗೈಯವಳು. ಚಿಕ್ಕವರಿದ್ದಾಗ ಇದನ್ನು ಕಂಡೇ ಅಪ್ಪನಿಗೆ ಕನ್ನಡಿ ಆಟ ಹೊಳೆದದ್ದು. ಇಬ್ಬರೂ ಒಂದೇ ಬಣ್ಣದ ಅಂಗಿ ಹಾಕಿಕೊಂಡು ಅಕ್ಕಪಕ್ಕ ನಿಲ್ಲಬೇಕು, ಎಡಗಡೆ ಅವನು, ಬಲಗಡೆ ನಾನು. ಅವನ ಎಡಗೈ ಎದ್ದಾಗ ನನ್ನ ಬಲಗೈ ಏಳಬೇಕು. ಎರಡು ಯೋಯೋ ಒಟ್ಟಿಗೆ ಇಳಿಯಬೇಕು, ಒಟ್ಟಿಗೆ ಮೇಲೆ ಬರಬೇಕು. ನಡುವೆ ಕನ್ನಡಿ ನಿಲ್ಲಿಸಿದ್ದಾರೇನೋ ಎಂದು ನೋಡುವವರಿಗೆ ಅನ್ನಿಸಬೇಕು. ಶನಿವಾರ, ಭಾನುವಾರ ಮಧ್ಯಾಹ್ನ ದೊಡ್ಡ ಮಾಲ್ ಒಂದರಲ್ಲಿ, ಎಸ್ಕಲೇಟರ್ ಇಳಿಯುವ ಕಡೆ ನಮ್ಮ ಆಟ. ನೋಡಿದ ಜನ ದಾರ ಕೊಳ್ಳಲು ಅಂಗಡಿಗೆ ಬರುತ್ತಾರೆ. ನಮ್ಮ ಮನೆಯಲ್ಲಿ ಒಲೆ ಉರಿಯುವುದು ಹೀಗೆ.

ಕನ್ನಡಿ ಆಟಕ್ಕೆ ಇಬ್ಬರ ದಾರವೂ ಒಂದೇ ಉದ್ದ ಇರಬೇಕು. ಒಂದು ಬೆರಳಿನಷ್ಟು ಹೆಚ್ಚುಕಡಿಮೆಯಾದರೂ ಒಂದು ಯೋಯೋ ಮುಂಚೆ ಬರುತ್ತದೆ, ಅಲ್ಲಿಗೆ ಕನ್ನಡಿ ಒಡೆಯಿತು. ಅದಕ್ಕೇ ಅಪ್ಪ ಹಿಂದಿನ ಕೋಣೆಯ ಗೋಡೆಗೆ ಎರಡು ಮೊಳೆ ಹೊಡೆದಿದ್ದಾನೆ. ನೂಲನ್ನು ಡ್ರಿಲ್ಲಿಗೆ ಕಟ್ಟಿ ಹುರಿ ಹಾಕಿದ ಮೇಲೆ ಆ ಮೊಳೆಗಳ ನಡುವೆ ಹಿಡಿದು ಕತ್ತರಿಸುತ್ತಾನೆ. ಆಟದ ದಿನ ಬೆಳಗ್ಗೆ ಇಬ್ಬರಿಗೂ ಒಂದೊಂದು ಹೊಸ ದಾರ ಕೊಡುತ್ತಾನೆ. ಬೇರೆ ದಾರ ಬೆರಳಿಗೆ ಹಾಕಿದರೆ ಕೈ ಕೆಡುತ್ತದೆ ಎಂದು ಅವನ ಕಟ್ಟಪ್ಪಣೆ.

ದಾರದ ಉದ್ದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಲೆಕ್ಕವಿದೆ. ಯೋಯೋವನ್ನು ನೆಲಕ್ಕೆ ಮುಟ್ಟಿಸಿ ದಾರ ನೆಟ್ಟಗೆ ಎತ್ತಿ ಹಿಡಿದರೆ ತುದಿ ಹೊಕ್ಕುಳಿನ ಹತ್ತಿರ ಬರಬೇಕು. ನನಗೆ ಅದು ಹೊಕ್ಕುಳು ದಾಟಿ ಎದೆಗೂಡಿಗೆ ಬರುತ್ತದೆ. ಯೋಯೋ ನೆಲಕ್ಕೆ ಬಡಿಯದಿರಲಿ ಎಂದು ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿಕೊಂಡೇ ಆಡುತ್ತೇನೆ. ಆಟ ಮುಗಿದ ಮೇಲೆ ಭುಜ ಕಿತ್ತು ಬರುವ ಹಾಗೆ ನೋಯುತ್ತದೆ. ಅಣ್ಣ ಒಂಟೆ, ನಾನು ಗಿಡ್ಡಿ. ಚಿಕ್ಕಂದಿನಿಂದ ನಾವು ಒಬ್ಬರನ್ನೊಬ್ಬರು ಕರೆಯುವುದೇ ಹಾಗೆ. ದಾರ ನನಗೆ ಉದ್ದ ಅಂದಮೇಲೆ ಅದು ಒಂಟೆಯ ಅಳತೆ ಎಂದು ನಾನು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದೆ. ಮಗನ ಅಳತೆಗೆ ಮೊಳೆ ಹೊಡೆದಿದ್ದಾನೆ ಅಪ್ಪ, ಮಗಳು ಕೈ ಎತ್ತಿಕೊಂಡು ಸಾಯಲಿ. ಇಷ್ಟು ವರ್ಷ ಈ ಸಿಟ್ಟು ನುಂಗಿ ನುಂಗಿಯೇ ನನ್ನ ಹೊಟ್ಟೆ ಬೆಳೆದಿರಬೇಕು, ಆಟದ ಅಂಗಿಯ ಗುಂಡಿ ಹಾಕುವಾಗೆಲ್ಲ ಅತ್ತಿಗೆ ಬಾಯಿ ಮುಚ್ಚಿಕೊಂಡು ನಗುತ್ತಾರೆ.

ನನ್ನ ಮಂಚವೂ ಅದೇ ಹಿಂದಿನ ಕೋಣೆಯಲ್ಲಿದೆ. ಹುರಿ ಹಾಕಿದ ದಾರ ಹದಕ್ಕೆ ಬರಲಿ ಎಂದು ಅಪ್ಪ ಅವನ್ನು ಈ ಗೋಡೆಯಿಂದ ಆ ಗೋಡೆಗೆ ಎಳೆದು ಕಟ್ಟುತ್ತಾನೆ. ಮಂಚಕ್ಕೆ ಹೋಗಬೇಕಾದರೆ ಅವುಗಳ ಕೆಳಗೆ ಬಗ್ಗಿ ನುಸುಳಬೇಕು. ಎದ್ದು ಕೂರುವಾಗಲೂ ತಲೆ ನೋಡಿಕೊಳ್ಳಬೇಕು. ಆ ಕೋಣೆಗೆ ಕಿಟಕಿ ಇಲ್ಲ. ಬೇರೆ ಮನೆ ಮಾಡುತ್ತೇನೆ ಅಂದರೆ, "ಅಭ್ಯಾಸಕ್ಕೆ ದಿನಾ ಅಲ್ಲಿಂದ ಬರ್ತೀಯಾ?" ಅನ್ನುತ್ತಾನೆ ಅಪ್ಪ. ಒಮ್ಮೆ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಶನಿವಾರ, ಭಾನುವಾರ ಬರಲಾಗುವುದಿಲ್ಲ ಅಂದದ್ದಕ್ಕೆ ಅವರು ಕೈಮುಗಿದು ಕಳಿಸಿದರು. ಬಿಟ್ಟು ಹೋದರೆ ಅಣ್ಣ, ಅತ್ತಿಗೆ, ಅವರ ಕೂಸು, ಎಲ್ಲರ ಊಟಕ್ಕೂ ಕಲ್ಲು ಹಾಕಿದ ಹಾಗೆ. ಇದ್ದರೆ ನನ್ನ ಬದುಕಿಗೇ ಕಲ್ಲು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಕೂತವಳ ಪಾಡು ನನ್ನದು.

ನನಗೆ ಇಷ್ಟವಾದದ್ದು ಸಡಿಲ ದಾರದ ಆಟ. ಯೋಯೋ ಕೆಳಗೆ ತಿರುಗುತ್ತಿರುವಾಗ ದಾರವನ್ನು ದೊಡ್ಡ ಸುರುಳಿಯಾಗಿ ಗಾಳಿಗೆ ಬಿಡಬೇಕು, ಅದು ನಿಧಾನವಾಗಿ ಸುತ್ತಿ ಬಂದು ಯೋಯೋದ ಸಂದಿಯಲ್ಲಿ ಕೂರುವವರೆಗೆ ಕಾಯಬೇಕು. ಇದಕ್ಕೆ ದಪ್ಪ, ತುಸು ಭಾರದ, ಸಡಿಲ ಹುರಿಯ ದಾರ ಬೇಕು. ಕನ್ನಡಿ ಆಟದ ದಾರವೋ ತೆಳು, ಬಿಗಿ, ನುಣುಪು. ಗಾಳಿಗೆ ಬಿಟ್ಟರೆ ತನ್ನಷ್ಟಕ್ಕೆ ಮುರುಚಿಕೊಂಡು ಗಂಟಾಗುತ್ತದೆ. ರೀಲಿನ ತಳದಲ್ಲಿ ಉಳಿದ ನೂಲು ಕೂಡಿಸಿ ನಾನೇ ಒಂದು ದಪ್ಪ ದಾರ ಹೊಸೆದುಕೊಂಡಿದ್ದೆ. ಅಪ್ಪನ ಹದ ನನ್ನ ಕೈಗೆ ಬರುವುದಿಲ್ಲ, ದಾರದ ತುಂಬ ಗಂಟು. ಆದರೂ ಮಾಲಿನಲ್ಲಿ ಆಟ ಮುಗಿದು ಅಣ್ಣ ಅಂಗಿ ಬದಲಾಯಿಸಲು ಹೋದಾಗ, ಸಾಮಾನು ಇಡುವ ಬಾಗಿಲ ಹಿಂದೆ ನಿಂತು ಅದರಲ್ಲಿ ಆಡುತ್ತಿದ್ದೆ. ವಾರದಲ್ಲಿ ನಾನು ಸರಿಯಾಗಿ ಉಸಿರಾಡುತ್ತಿದ್ದುದು ಅಷ್ಟು ಹೊತ್ತು ಮಾತ್ರ.

ಕಳೆದ ಭಾನುವಾರ ಅಲ್ಲಿ ನನ್ನನ್ನು ಒಬ್ಬರು ಮೇಡಂ ನೋಡಿದರು. ಊರೂರು ತಿರುಗಿ ರಂಗದ ಮೇಲೆ ಕೈಚಳಕ ತೋರಿಸುವ ತಂಡವೊಂದನ್ನು ನಡೆಸುವವರು.

"ಹೊರಗಡೆ ಆಡಿದ್ದು ಚೆನ್ನಾಗಿತ್ತು," ಎಂದರು. "ಆದ್ರೆ ಇದು ನಿಮ್ಮದು. ನನಗೆ ಒಬ್ಬರೇ ನಿಂತು ಆಡೋವಂಥವರು ಬೇಕು. ಮುಂದಿನ ಭಾನುವಾರ ಮಧ್ಯಾಹ್ನ ನಮ್ಮ ಹಾಲ್‌ಗೆ ಬನ್ನಿ, ನೋಡ್ತೀನಿ. ಹಿಡಿಸಿದ್ರೆ ಸೋಮವಾರ ನಮ್ಮ ಜೊತೆ ಹೊರಡ್ತೀರಿ. ಗಂಟಿಲ್ಲದ ಒಂದು ದಾರ ಮಾತ್ರ ತಗೊಂಡು ಬನ್ನಿ."

ಎಲ್ಲ ಸರಿ, ಆದರೆ ಯಾವ ದಾರ ತೆಗೆದುಕೊಂಡು ಹೋಗಲಿ? ಎಷ್ಟು ದಪ್ಪ, ಎಷ್ಟು ಹುರಿ, ಎಷ್ಟು ಉದ್ದ ಎಂದು ನನಗೇ ಗೊತ್ತಿರಲಿಲ್ಲ. ದಾರದ ಅಂಗಡಿಯ ಮಗಳಿಗೆ ತನ್ನ ದಾರ ಯಾವುದೆಂದು ಗೊತ್ತಿಲ್ಲ ಅಂದರೆ ಕೇಳಿದವರು ನಗುತ್ತಾರೆ. ನನಗೆ ಮಾತ್ರ ಅಳು ಬಂತು.

ಅಣ್ಣನಿಗೆ ಮೊದಲು ಹೇಳಿದೆ. ಅವನು ಮೆಟ್ಟಿಲ ಮೇಲೆ ಕೂತು ಸೊಂಟಕ್ಕೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದ.

"ಭಾನುವಾರದ ಆಟ?" ಅಂದ.

"ನೀನೊಬ್ಬನೇ ಆಡು."

"ಕನ್ನಡಿ ಆಟ ಒಬ್ಬನೇ ಹೆಂಗೆ ಆಡಲಿ, ಗಿಡ್ಡಿ?" ಅಂದವನು ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿದ. ಆಮೇಲೆ, "ಅಪ್ಪಂಗೆ ನೀನೇ ಹೇಳು. ನಾನು ಅಡ್ಡ ಬರಲ್ಲ," ಅಂದ. ಅವನು ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಶುಕ್ರವಾರ ಸಂಜೆ ಅಂಗಡಿಯಲ್ಲಿ ಗಿರಾಕಿಗಳ ಸಾಲಿತ್ತು. ನಾನು ಒಳಗಿನಿಂದ ಬಂದು ಸಾಲಿನ ಕೊನೆಗೆ ನಿಂತೆ. ಮುಂದಿದ್ದ ಹೆಂಗಸು ತಿರುಗಿ, "ನೀವು ಇದೇ ಅಂಗಡಿಯವರಲ್ವಾ?" ಎಂದು ಕೇಳಿದರು. ಇವತ್ತು ಅಲ್ಲ ಅಂದೆ.

ನನ್ನ ಸರದಿ ಬಂದಾಗ ಅಪ್ಪ ಕನ್ನಡಕದ ಮೇಲಿನಿಂದ ನೋಡಿ, "ಏನೇ ಇದು?" ಅಂದ.

"ನನಗೊಂದು ದಾರ ಆರಿಸಿ ಕೊಡಿ," ಅಂದೆ. ಹುಟ್ಟಿದಾಗಿನಿಂದ 'ನೀನು' ಎಂದು ಕರೆದ ಅಪ್ಪನಿಗೆ ಹೀಗೆ ಮರ್ಯಾದೆ ಕೊಟ್ಟು ಮಾತನಾಡಿದ್ದು ನನ್ನ ಕಿವಿಗೇ ವಿಚಿತ್ರವಾಗಿ ಕೇಳಿಸಿತು.

ಅಷ್ಟರಲ್ಲಿ ನನ್ನ ಹಿಂದೆ ಬಂದು ನಿಂತಿದ್ದವರು ತಮಾಷೆ ಎಂದುಕೊಂಡು ನಕ್ಕರು. ಅಪ್ಪ ನಗಲಿಲ್ಲ. ಗಲ್ಲಾದ ಅಂಚಿಗೆ ಎರಡೂ ಕೈ ಊರಿ, "ಎಸೀರಿ," ಅಂದ.

ನನ್ನ ಗಂಟಿನ ದಾರದಲ್ಲೇ ಎಸೆದೆ. ಮೊದಲ ಸಲ ಅವನ ಕಣ್ಣು ಮಣಿಕಟ್ಟಿನ ಮೇಲಿತ್ತು, ಎರಡನೇ ಸಲ ಭುಜದ ಮೇಲೆ. ಮೂರನೆಯದಕ್ಕೆ ನಾನೇ ಮುಖ ಪಕ್ಕಕ್ಕೆ ತಿರುಗಿಸಿಬಿಟ್ಟೆ.

"ದಪ್ಪ ನೂಲು, ಸಡಿಲ ಹುರಿ," ಅಂದ ಅಪ್ಪ. "ಆಟದ ದಿನ ಹಾಕೋದಕ್ಕಿಂತ ಅರ್ಧ ಗೇಣು ಗಿಡ್ಡ." ಯೋಚನೆ ಮಾಡಿ ಹೇಳಿದ ಮಾತಾಗಿರಲಿಲ್ಲ ಅದು. ಯಾರೋ ಅವನ ಮನೆಯ ವಿಳಾಸ ಕೇಳಿದ ಹಾಗೆ ಹೇಳಿಬಿಟ್ಟಿದ್ದ.

"ಇದು ನಿನಗೆ ಯಾವಾಗಿಂದ ಗೊತ್ತು?" ನನ್ನ ಮರ್ಯಾದೆಯೆಲ್ಲ ಅಷ್ಟಕ್ಕೇ ಮುಗಿದಿತ್ತು.

"ಮೊದಲಿಂದ. ನನ್ನ ಮಕ್ಕಳ ಕೈ ನನಗೆ ಗೊತ್ತಿರಲ್ವಾ?"

"ಗೊತ್ತಿದ್ದೂ ಯಾಕೆ ಕೊಡಲಿಲ್ಲ?"

"ಕೊಟ್ಟಿದ್ರೆ ಜೋಡಿ ಎಲ್ಲಿ ಉಳೀತಿತ್ತು?" ಅಂದ ಅಪ್ಪ.

ನನ್ನ ಕೈಗೆ ಯಾವ ದಾರ ಬೇಕೆಂದು ಅವನಿಗೆ ಗೊತ್ತಿಲ್ಲ ಎಂದು ನಂಬಿಕೊಂಡೇ, ಅಷ್ಟು ಸಿಟ್ಟಿನಲ್ಲೂ ನಾನು ಇಷ್ಟು ವರ್ಷ ಅವನನ್ನು ಕ್ಷಮಿಸುತ್ತಾ ಬಂದಿದ್ದೆ. ಈಗ ಅದೂ ಇಲ್ಲವಾಯಿತು. ಗಿರಾಕಿಗಳ ಮುಂದೆಯೇ ಕೂಗಾಡಿದೆ. ಅಣ್ಣನ ಅಳತೆಗೆ ಮೊಳೆ ಹೊಡೆದು ನನ್ನನ್ನು ಗೋಡೆಗೆ ನೇತುಹಾಕಿದ್ದೀಯಾ ಅಂದೆ. ನನ್ನ ಭುಜ ಕೊಟ್ಟು ನೀನು ಅವನ ಆಟ ಕೊಂಡುಕೊಂಡೆ ಅಂದೆ. ಭಾನುವಾರ ಮಾಲಿಗೆ ಬರುವುದಿಲ್ಲ, ಒಬ್ಬಳೇ ಆಡಿ ತೋರಿಸಲು ಮೇಡಂ ತಂಡದ ಹತ್ತಿರ ಹೋಗುತ್ತೇನೆ ಅಂದೆ. ಇನ್ನೂ ಏನೇನೋ ಅಂದೆ.

ಹಿಂದಿನ ಕೋಣೆಯಲ್ಲಿ ಡ್ರಿಲ್ಲಿನ ಸದ್ದು ನಿಂತಿತು. ಅಣ್ಣ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಹೊರಗೆ ಬಂದ.

"ನನ್ನ ಅಳತೆನಾ?" ಅಂದ. "ನಾನು ಮೊಣಕಾಲು ಬಗ್ಗಿಸಿ, ಬೆನ್ನು ಬಗ್ಗಿಸಿ ಆಡೋದು ಶೋಕಿಗೆ ಅಂದ್ಕೊಂಡ್ಯಾ? ಆ ದಾರ ನನ್ನ ಹೊಕ್ಕುಳಿಗೂ ಬರಲ್ಲ. ನಿನ್ನ ಅಳತೆ ಅಂತ ನಾನು ಸುಮ್ನಿದ್ದೆ. ಚಿಕ್ಕವಳು, ಹೋಗ್ಲಿ ಅಂತ."

ನಾವಿಬ್ಬರೂ ಅಪ್ಪನ ಮುಖ ನೋಡಿದೆವು. ಅವನಿಗೆ ನಾಚಿಕೆಯಾದಂತೇನೂ ಕಾಣಲಿಲ್ಲ.

"ಯಾರದೂ ಅಲ್ಲ. ನಡುವಿನ ಅಳತೆ," ಅಂದ. "ಅವನಿಗೆ ಅರ್ಧ ಗೇಣು ಕಡಿಮೆ, ನಿನಗೆ ಅರ್ಧ ಗೇಣು ಜಾಸ್ತಿ. ಒಬ್ಬರಿಗೆ ಮಾಡಿ ಇನ್ನೊಬ್ಬರಿಗೆ ಬಿಡೋಕೆ ನಾನೇನು ಮಲತಂದೆನಾ? ಇಬ್ಬರಿಗೂ ಸಮ ಮಾಡಿದೀನಿ."

"ಚೆನ್ನಾಗಿದೆ ಮಾವ," ಎಂದರು ಮೆಟ್ಟಿಲ ಮೇಲೆ ಕೂಸನ್ನು ಎತ್ತಿಕೊಂಡು ನಿಂತಿದ್ದ ಅತ್ತಿಗೆ. "ಇಬ್ಬರ ಕಾಲಿಗೂ ಆಗದ ಚಪ್ಪಲಿ ಹೊಲಿಸಿ ಸಮ ಅಂತೀರಲ್ಲ."

ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಜಾರಿಕೊಂಡರು. ನಾನು ಅಲ್ಲೇ ನಿಂತಿದ್ದೆ. ಇಷ್ಟು ವರ್ಷ ಅಣ್ಣನ ಮೇಲೆ ಸಾಕಿಕೊಂಡಿದ್ದ ಸಿಟ್ಟಿಗೆ ಇದ್ದಕ್ಕಿದ್ದಂತೆ ಕೂರಲು ಜಾಗವಿಲ್ಲದಂತಾಯಿತು. ಪಕ್ಕದ ಕೋಣೆಯಲ್ಲಿ ಅತ್ತಿಗೆ ಅವನ ಬೆನ್ನಿಗೆ ಬಿಸಿನೀರಿನ ಚೀಲ ಇಡುವುದು ನನಗೆ ಗೊತ್ತಿತ್ತು. ಉದ್ದ ಇರುವವರಿಗೆ ಬೆನ್ನುನೋವು ಸಹಜ ಎಂದು ನಾನೇ ಹಾಸ್ಯ ಮಾಡಿದ್ದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರೆ. ನಾವಿಬ್ಬರೂ ಎಳೆಯಲೇ ಇಲ್ಲ, ನೊಗದ ಎರಡು ಕಡೆ ತಲೆ ತಗ್ಗಿಸಿ ನಡೆದಿದ್ದೆವು.

ಶನಿವಾರ ಬೆಳಗ್ಗೆ ನನ್ನ ಮಂಚದ ಮೇಲೆ ಎರಡು ದಾರ ಇದ್ದವು. ಒಂದು ಗಿಡ್ಡ, ದಪ್ಪ. ಇನ್ನೊಂದು ಉದ್ದ, ತೆಳು. ಅಪ್ಪ ಬಾಗಿಲ ಹತ್ತಿರ ನಿಂತಿದ್ದ.

"ಗಿಡ್ಡದ್ದು ನಾಳೆಗೆ ನಿನಗೆ. ಉದ್ದದ್ದು ಅವನಿಗೆ," ಅಂದ. "ದಾರದಲ್ಲಿ ತಪ್ಪಿಲ್ಲ. ಕೈ ಏನು ಮಾಡುತ್ತೋ ನನಗೆ ಗೊತ್ತಿಲ್ಲ."

ಅಣ್ಣ ಇಕ್ಕಳ ತಂದು ಗೋಡೆಯ ಮೊಳೆ ಕೀಳಲು ಹೋದ. ಅಪ್ಪ ಅವನ ಕೈ ಹಿಡಿದು, "ಇರಲಿ ಬಿಡು. ಭಾನುವಾರ ಕಳೀಲಿ, ಕೀಳೋಣ," ಅಂದ.

ಆ ದಿನ ಮಾಲಿನಲ್ಲಿ ಎಂದಿನಂತೆ ನಡುವಿನ ದಾರದಲ್ಲೇ ಆಡಿ ಬಂದು, ತಾರಸಿಯ ಮೇಲೆ ಹೊಸ ದಾರ ಹಾಕಿಕೊಂಡೆ. ಕೈ ಕೆಳಗಿಳಿಯಿತು. ಭುಜ ತನ್ನ ಜಾಗಕ್ಕೆ ಬಂದು ಕೂತಿತು. ಸುರುಳಿ ಬಿಟ್ಟೆ, ದಾರ ದೊಡ್ಡದಾಗಿ ಬಾಯಿ ತೆರೆದು, ನಿಧಾನವಾಗಿ ತಿರುಗಿ, ನಾನು ಹೇಳಿದ ಕಡೆಗೇ ಬಂದು ಕೂತಿತು. ಅಪ್ಪನನ್ನು ಎಷ್ಟು ಶಪಿಸಿದ್ದರೂ ಆ ದಾರದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಬಟ್ಟೆ ಒಣಹಾಕುವ ತಂತಿ ಹಿಡಿದುಕೊಂಡು ಅತ್ತೆ. ಇದು ನನಗೆ ಇಪ್ಪತ್ತರಲ್ಲೇ ಸಿಗಬೇಕಿತ್ತು.

ಭಾನುವಾರ ಅಣ್ಣ ಉದ್ದದ ದಾರ ಜೇಬಿಗೆ ಹಾಕಿಕೊಂಡು ಮಾಲಿಗೆ ಹೋದ. ನಾನು ಬಸ್ಸು ಹಿಡಿದು ಮೇಡಂ ಹೇಳಿದ ಹಾಲ್‌ಗೆ ಹೋದೆ. ಹಲಗೆ ಹಾಸಿದ ನೆಲ, ಒಂದು ಕಡೆ ಪೆಟ್ಟಿಗೆಗಳು, ಅವುಗಳ ಮೇಲೆ ತಂಡದವರ ಬಟ್ಟೆಗಳು. ಮೇಡಂ ಕುರ್ಚಿ ಎಳೆದುಕೊಂಡು ಕೂತು, "ಶುರು ಮಾಡಿ," ಎಂದರು.

ಆಡಿದೆ. ನನ್ನ ಕೈ ಅಷ್ಟು ಚೆನ್ನಾಗಿ ಆಡಿದ್ದನ್ನು ನಾನೇ ಕಂಡಿರಲಿಲ್ಲ. ಪೆಟ್ಟಿಗೆ ಕಟ್ಟುತ್ತಿದ್ದ ತಂಡದವನೊಬ್ಬ ಕೆಲಸ ನಿಲ್ಲಿಸಿ ನೋಡಿದ. ಒಂದು ಗಂಟು ಬೀಳಲಿಲ್ಲ, ಯೋಯೋ ಒಮ್ಮೆಯೂ ನೆಲಕ್ಕೆ ತಾಗಲಿಲ್ಲ. ಮುಗಿಸಿ ನೋಡಿದರೆ ಮೇಡಂ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಎಡಗಡೆಯ ಖಾಲಿ ನೆಲ ನೋಡುತ್ತಿದ್ದರು.

"ಆ ಕಡೆ ಯಾಕೆ ಅಷ್ಟು ಜಾಗ ಬಿಟ್ಟಿದೀರಿ?" ಎಂದರು. "ನಡುವೆ ಬನ್ನಿ. ಪ್ರತಿ ಎಸೆತಕ್ಕೂ ಮುಂಚೆ ಒಂದು ಸಲ ಆ ಕಡೆ ನೋಡ್ತಿದೀರಿ. ಅಲ್ಲಿ ಯಾರೂ ಇಲ್ಲ."

ಅವರು ಎದ್ದು ಬಂದು ನೆಲದ ನಡುವೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿದರು. ನಾನು ಅದರ ಮೇಲೆ ನಿಂತೆ. ಎಡಗಡೆ ನೋಡುವುದಿಲ್ಲ ಎಂದು ಹಲ್ಲು ಕಚ್ಚಿ ಶುರು ಮಾಡಿದೆ. ಕಣ್ಣು ಹೋಗದಿದ್ದರೂ ಕೈ ಕಾಯಿತು. ಎಸೆಯುವ ಮುಂಚೆ ಅರ್ಧ ಉಸಿರಿನಷ್ಟು ಹೊತ್ತು, ಅಣ್ಣನ ಭುಜ ಏಳುವುದನ್ನು ಕಾಯುವ ಹೊತ್ತು. ಆ ಕಾಯುವಿಕೆಯಲ್ಲಿ ಸುರುಳಿ ಕುಸಿಯಿತು. ಮತ್ತೆ ಎಸೆದೆ. ಆಟ ಮುಗಿಯುವಷ್ಟರಲ್ಲಿ ಸೀಮೆಸುಣ್ಣದ ಗುರುತು ನನ್ನ ಎಡಗಡೆಗೆ, ಎರಡು ಹೆಜ್ಜೆ ಆಚೆಗೆ ಇತ್ತು. ನಾನು ಯಾವಾಗ ಸರಿದೆನೋ ನನಗೇ ತಿಳಿದಿರಲಿಲ್ಲ.

"ಇನ್ನೊಂದು ಸಲ," ಎಂದರು ಮೇಡಂ. ಇನ್ನೊಂದು ಸಲವೂ ಹಾಗೇ ಆಯಿತು.

ಅವರು ಒಳ್ಳೆಯವರು. ನನ್ನ ಕೈ ಹಿಡಿದು, ನಡುಬೆರಳಿನ ಗುಳಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡಿದರು.

"ಕೈ ತುಂಬಾ ಚೆನ್ನಾಗಿದೆ," ಎಂದರು. "ಆದ್ರೆ ನೀವು ಒಬ್ಬರೇ ಆಡೋರಲ್ಲ. ನಿಮ್ಮ ಅಣ್ಣನ್ನೂ ಕರ್ಕೊಂಡು ಬನ್ನಿ. ಜೋಡಿಯಾಗಿ ಆದ್ರೆ ನಾಳೆನೇ ತಗೋತೀನಿ. ಇಬ್ಬರ ದಾರದ ಅಳತೆನೂ ಒಂದೇ ಇದೆ ಅಲ್ವಾ?"

ಕೇಳಿ ಹೇಳುತ್ತೇನೆ ಅಂದೆ. ಬಾಗಿಲು ದಾಟಿ ಬೀದಿಗೆ ಬಂದು, ಬಸ್ ನಿಲ್ದಾಣದಲ್ಲಿ ನಿಂತು ಅಣ್ಣನಿಗೆ ಫೋನ್ ಮಾಡಿದೆ. ಬೆರಳಿನಿಂದ ದಾರ ಬಿಚ್ಚಿರಲಿಲ್ಲ, ಯೋಯೋ ಮುಷ್ಟಿಯಲ್ಲೇ ಇತ್ತು. ಅವನ ಹಿಂದೆ ಎಸ್ಕಲೇಟರಿನ ಗೊರಗೊರ ಸದ್ದು ಕೇಳಿಸುತ್ತಿತ್ತು.

"ಆಟ ಹೇಗಾಯ್ತೋ?" ಅಂದೆ.

"ಬೆನ್ನು ನೆಟ್ಟಗಿತ್ತು," ಅಂದ ಅಣ್ಣ. "ಬೆನ್ನು ನೆಟ್ಟಗೆ ಮಾಡಿ ಆಡಿದ್ದು ಇದೇ ಮೊದಲು. ದಾರ ಚಿನ್ನ ಕಣೇ."

"ಜನ ಏನಂದ್ರು?"

"ಸುಮ್ನೆ ನೋಡ್ತಾ ನಿಂತಿದ್ರು. ಆಮೇಲೆ ಒಬ್ಬರು ಬಂದು ಕೇಳಿದ್ರು, ಇನ್ನೊಬ್ಬರು ಯಾವಾಗ ಬರ್ತಾರೆ ಅಂತ."

ನಾನು ಕೇಳಬಾರದಿತ್ತು. ಆದರೂ ಕೇಳಿದೆ. "ಎಲ್ಲಿ ನಿಂತಿದ್ದೆ ನೀನು?"

"ಎಡಗಡೆ," ಅಂದ. "ನೀನು?"

"ಬಲಗಡೆ," ಅಂದೆ. ಬಸ್ಸು ಬಂದು ನಿಂತಿತು, ಬಾಗಿಲು ತೆರೆದುಕೊಂಡಿತು.

"ಬಾ ಮನೆಗೆ," ಅಂದ ಅಣ್ಣ. "ಮೊಳೆ ಇನ್ನೂ ಅಲ್ಲೇ ಇದೆ."